‘ಕಳಿಸಿಲ್ಲ’ ಬೇರೆ, ‘ಕಳಿಸಲಿಲ್ಲ’ ಬೇರೆ: ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್ ಬಳಸುವ ಬಗೆ

ತಿರುಪ್ಪೂರಿನ ಒಂದು ಬನಿಯನ್ ರಫ್ತು ಕಚೇರಿಯಿಂದ ಹೊರದೇಶದ ಗಿರಾಕಿಗೆ ಒಂದು ಸಾಲಿನ ಇ-ಮೇಲ್ ಹೋಗುತ್ತದೆ ಎಂದುಕೊಳ್ಳಿ: ‘ವಿ ಡಿಡ್ ನಾಟ್ ಶಿಪ್ ದ ಗೂಡ್ಸ್.’ ಬರೆದವರ ಮನಸ್ಸಿನಲ್ಲಿ ಇರುವುದು ‘ಸರಕು ಇನ್ನೂ ಕಳಿಸಿಲ್ಲ, ಕಳಿಸುತ್ತೇವೆ’ ಎಂದು. ಓದಿದವರಿಗೆ ಸಿಗುವ ಅರ್ಥ ‘ಸರಕು ಕಳಿಸಲಿಲ್ಲ’ ಎಂದು. ಕಳಿಸಬೇಕಾದ ದಿನ ಬಂತು, ಹೋಯಿತು, ಕೆಲಸ ಆಗಲಿಲ್ಲ, ಅಲ್ಲಿಗೆ ಮುಗಿಯಿತು. ಬರೆಯಬೇಕಾಗಿದ್ದುದು ‘ವಿ ಹ್ಯಾವ್ ನಾಟ್ ಶಿಪ್ಡ್ ದ ಗೂಡ್ಸ್ ಯಟ್’ ಎಂದು. ಈ ವ್ಯತ್ಯಾಸ ತಿಳಿಯದೆ ಹೋದರೆ ಗಿರಾಕಿ ಆರ್ಡರನ್ನೇ ಬೇರೆಯವರಿಗೆ ಕೊಟ್ಟರೂ ಆಶ್ಚರ್ಯವಿಲ್ಲ.

ಈ ‘ಹ್ಯಾವ್ ಶಿಪ್ಡ್’, ‘ಹ್ಯಾಸ್ ಕಮ್’, ‘ಹ್ಯಾವ್ ಈಟನ್’ ಎಂಬ ರೂಪಕ್ಕೆ ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್ ಎಂದು ಹೆಸರು. ಶಾಲೆಯಲ್ಲಿ ಇದನ್ನು ಕಲಿಯದವರಿಲ್ಲ, ಪರೀಕ್ಷೆ ಮುಗಿದ ಮೇಲೆ ಸರಿಯಾಗಿ ಬಳಸುವವರು ಕಡಿಮೆ. ಇದಕ್ಕೆ ಒಂದು ಕಾರಣ ಕಲಿಸುವ ರೀತಿ. ಕನ್ನಡ ವ್ಯಾಕರಣದಲ್ಲಿ ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರೇ ಕಾಲ ಹೇಳಿಕೊಡುತ್ತಾರೆ. ತಮಿಳಿನಲ್ಲೂ ಮೂರೇ. ಹೀಗಾಗಿ ಇಂಗ್ಲಿಷಿನ ಪಾಠದಲ್ಲಿ ಈ ಟೆನ್ಸ್ ಬಂದಾಗ ಮಕ್ಕಳಿಗೆ ಎಲ್ಲಿಂದಲೋ ಬಂದ ಹೊಸ ನೆಂಟನ ಹಾಗೆ ಕಾಣುತ್ತದೆ.

ನಿಜ ಹೇಳಬೇಕೆಂದರೆ ಇದು ಹೊಸದಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಆಡುವ ದೇವಾಂಗ ನೇಕಾರರು, ಒಕ್ಕಲಿಗರು, ಇನ್ನೂ ಹಲವು ಸಮುದಾಯದವರು ಬಹಳ ಮಂದಿ ಇದ್ದಾರೆ. ಅವರು ಈ ಟೆನ್ಸನ್ನು ದಿನಕ್ಕೆ ನೂರು ಸಲ ಎರಡೂ ಭಾಷೆಯಲ್ಲಿ ಬಳಸುತ್ತಾರೆ. ‘ಅವನು ಬಂದಿದ್ದಾನೆ’ ಎಂಬುದೇ ಪ್ರೆಸೆಂಟ್ ಪರ್ಫೆಕ್ಟ್. ಬಂದು, ಇದ್ದಾನೆ. ಬಂದದ್ದು ಹಿಂದೆ, ಇರುವುದು ಈಗ. ಚಾಮರಾಜನಗರದ ಕಡೆಯ ಆಡುಮಾತಿನ ‘ಬಂದವ್ನೆ’ಯೂ ಇದೇ. ತಮಿಳಿನ ‘ವಂದಿರುಕ್ಕಾನ್’ ಕೂಡ ಇದೇ ಅಚ್ಚಿನದು. ಇಂಗ್ಲಿಷಿನವರು ‘ಇದ್ದಾನೆ’ ಬದಲು ‘ಹ್ಯಾಸ್’ ಹಾಕುತ್ತಾರೆ, ಅಷ್ಟೇ. ‘ಐ ಹ್ಯಾವ್ ಎ ಹೌಸ್’ ಎಂಬುದನ್ನು ನಾವು ‘ನನಗೆ ಮನೆ ಇದೆ’ ಎನ್ನುವುದಿಲ್ಲವೇ? ಅಲ್ಲಿಯೂ ಅವರ ‘ಹ್ಯಾವ್’ ನಮ್ಮ ‘ಇರು’ ಆಗಿದೆ.

ರೂಪ ಮಾಡುವುದು ಹೇಗೆ?

ಐ, ಯೂ, ವಿ, ದೇ ಮತ್ತು ಬಹುವಚನಕ್ಕೆ ‘ಹ್ಯಾವ್’. ಹೀ, ಶೀ, ಇಟ್ ಮತ್ತು ಏಕವಚನಕ್ಕೆ ‘ಹ್ಯಾಸ್’. ಅದರ ಮುಂದೆ ಕ್ರಿಯಾಪದದ ಮೂರನೆಯ ರೂಪ. ‘ನಾಟ್’ ಸೇರಿಸಿದರೆ ಇಲ್ಲ ಎಂಬ ಅರ್ಥ: ‘ಶೀ ಹ್ಯಾಸ್ ನಾಟ್ ಕಮ್.’ ಹ್ಯಾವ್ ಅಥವಾ ಹ್ಯಾಸ್ ಅನ್ನು ಮೊದಲಿಗೆ ತಂದರೆ ಪ್ರಶ್ನೆ: ‘ಹ್ಯಾಸ್ ಶೀ ಕಮ್?’

ಇಲ್ಲಿ ನಮ್ಮವರು ಎಡವುವ ಒಂದು ಜಾಗ ಇದೆ. ‘ಅಪ್ಪ ಬಂದಿದ್ದಾರೆ’ ಎಂದು ನಾವು ಮರ್ಯಾದೆಗೆ ಬಹುವಚನ ಹಾಕುತ್ತೇವೆ. ಅದೇ ಗುಂಗಿನಲ್ಲಿ ‘ಮೈ ಫಾದರ್ ಹ್ಯಾವ್ ಕಮ್’ ಎಂದು ಬರೆಯುವವರಿದ್ದಾರೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಮರ್ಯಾದೆ ಗೊತ್ತಿಲ್ಲ. ಅಪ್ಪನಾಗಲಿ, ಕಲೆಕ್ಟರಾಗಲಿ, ಒಬ್ಬರಾದರೆ ‘ಹ್ಯಾಸ್’.

ಮೂರನೆಯ ರೂಪಕ್ಕೆ ಬಾಯಿಪಾಠವೇ ದಾರಿ. ಬಹುಪಾಲು ಕ್ರಿಯಾಪದಗಳಿಗೆ ಕೊನೆಯಲ್ಲಿ ‘ಇಡಿ’ ಅಕ್ಷರಗಳು ಸೇರುತ್ತವೆ, ಎರಡನೆಯ ರೂಪ, ಮೂರನೆಯ ರೂಪ ಎರಡೂ ಒಂದೇ. ವಾಶ್, ವಾಶ್ಡ್, ವಾಶ್ಡ್. ಬಣ್ಣ ಹಾಕುವುದಕ್ಕೆ ಡೈ, ಡೈಡ್, ಡೈಡ್. ತೊಂದರೆ ಕೊಡುವುದು ರೂಪ ಬದಲಿಸುವ ಪದಗಳು. ಗೋ, ವೆಂಟ್, ಗಾನ್. ಸೀ, ಸಾ, ಸೀನ್. ಡೂ, ಡಿಡ್, ಡನ್. ರೈಟ್, ರೋಟ್, ರಿಟನ್. ಟೇಕ್, ಟುಕ್, ಟೇಕನ್. ಗಿವ್, ಗೇವ್, ಗಿವನ್. ನೇಯುವುದಕ್ಕೆ ವೀವ್, ವೋವ್, ವೋವನ್. ನೂಲುವುದಕ್ಕೆ ಸ್ಪಿನ್, ಸ್ಪನ್, ಸ್ಪನ್. ಹಣ ಕೊಡುವುದಕ್ಕೆ ಪೇ, ಪೇಡ್, ಪೇಡ್. ಕಮ್ ಎಂಬುದು ಕೇಮ್ ಆಗಿ ಮತ್ತೆ ಕಮ್‌ಗೇ ಮರಳುತ್ತದೆ. ಕಟ್, ಪುಟ್ ಎಂಬುವು ಮೂರರಲ್ಲೂ ಬದಲಾಗುವುದಿಲ್ಲ. ‘ಐ ಹ್ಯಾವ್ ವೆಂಟ್’, ‘ಐ ಹ್ಯಾವ್ ರೋಟ್’ ಎಂಬುವು ಎರಡನೆಯ ರೂಪ ಹಾಕಿದ ತಪ್ಪುಗಳು. ‘ಹ್ಯಾವ್’ಗೇ ಮೂರನೆಯ ರೂಪ ‘ಹ್ಯಾಡ್’. ಆದ್ದರಿಂದ ಮಧ್ಯಾಹ್ನದ ಊಟ ಆಗಿದೆ ಎನ್ನಲು ‘ಐ ಹ್ಯಾವ್ ಹ್ಯಾಡ್ ಲಂಚ್’ ಎನ್ನುವುದು ಸರಿಯೇ. ಅಚ್ಚಿನ ತಪ್ಪೆಂದು ಭಾವಿಸಬೇಕಾಗಿಲ್ಲ.

ಕನ್ನಡ ಎಲ್ಲಿ ಕೈ ಹಿಡಿಯುತ್ತದೆ?

ಎಲ್ಲಕ್ಕಿಂತ ಹೆಚ್ಚಾಗಿ ‘ಇಲ್ಲ’ ಎನ್ನುವಲ್ಲಿ. ‘ಬಂದಿಲ್ಲ’ ಎಂದರೆ ಇದುವರೆಗೆ ಬಂದಿಲ್ಲ, ಬಂದರೂ ಬರಬಹುದು. ‘ಬರಲಿಲ್ಲ’ ಎಂದರೆ ಆಗ ಬರಲಿಲ್ಲ, ಅಲ್ಲಿಗೆ ಸರಿ. ಮೊದಲನೆಯದು ‘ಹ್ಯಾಸ್ ನಾಟ್ ಕಮ್’. ಎರಡನೆಯದು ‘ಡಿಡ್ ನಾಟ್ ಕಮ್’. ಬಸ್ ನಿಲ್ದಾಣದಲ್ಲಿ ಕಾಯುತ್ತಾ ನಿಂತವರು ‘ಮೈಸೂರು ಬಸ್ಸು ಇನ್ನೂ ಬಂದಿಲ್ಲ’ ಎನ್ನುತ್ತಾರೆ, ಕಾದು ಮನೆಗೆ ಹೋದವರು ‘ಬಸ್ಸು ಬರಲೇ ಇಲ್ಲ’ ಎನ್ನುತ್ತಾರೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಐದು ವರ್ಷದ ಮಗುವೂ ಇವೆರಡನ್ನು ಅದಲು ಬದಲು ಮಾಡುವುದಿಲ್ಲ.

ತಮಿಳಿನ ಆಡುಮಾತಿನಲ್ಲಿ ಈ ಎರಡಕ್ಕೂ ‘ವರಲೆ’ ಒಂದೇ ಸಾಕು. ‘ಬಸ್ ಇನ್ನುಂ ವರಲೆ’ ಎಂದರೂ ಅದೇ, ‘ನೇತ್ತು ಬಸ್ ವರಲೆ’ ಎಂದರೂ ಅದೇ. ಹೀಗಾಗಿ ತಮಿಳಿನಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವಾಗ ಎಲ್ಲದಕ್ಕೂ ‘ಡಿಡ್ ನಾಟ್’ ಬೀಳುವ ಅಪಾಯ ಹೆಚ್ಚು. ಮೇಲೆ ಹೇಳಿದ ಇ-ಮೇಲ್ ಅಂಥದ್ದೇ. ಕಚೇರಿಯಲ್ಲಿ ಮಾತು ಪೂರ್ತಿ ತಮಿಳಿನಲ್ಲಿ ನಡೆದರೂ, ‘ಇಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆಯುವ ಮುಂಚೆ ಒಮ್ಮೆ ಮನೆಯ ಕನ್ನಡದಲ್ಲಿ ಹೇಳಿಕೊಂಡು ನೋಡುವುದು ಒಳ್ಳೆಯ ಪರೀಕ್ಷೆ. ‘ಗಿರಾಕಿ ಸ್ಯಾಂಪಲ್ ಒಪ್ಪಿಲ್ಲ’ ಎಂದು ಬಾಯಿಗೆ ಬಂದರೆ ‘ದ ಬಯರ್ ಹ್ಯಾಸ್ ನಾಟ್ ಅಪ್ರೂವ್ಡ್ ದ ಸ್ಯಾಂಪಲ್’. ‘ಒಪ್ಪಲಿಲ್ಲ’ ಎಂದು ಬಂದರೆ ‘ಡಿಡ್ ನಾಟ್ ಅಪ್ರೂವ್’. ಮೊದಲನೆಯದಾದರೆ ಕಾಯಬೇಕು, ಎರಡನೆಯದಾದರೆ ಹೊಸ ಸ್ಯಾಂಪಲ್ ಹೊಲಿಸಬೇಕು. ಮನೆಮಾತು ಹೊಟ್ಟೆಗೆ ಹಿಟ್ಟು ಕೊಡುವುದಿಲ್ಲ ಎಂದು ಮಕ್ಕಳ ಜೊತೆ ಕನ್ನಡ ಬಿಟ್ಟ ಕುಟುಂಬಗಳೂ ಈ ಭಾಗದಲ್ಲಿ ಇವೆ. ಅವರು ಬಿಟ್ಟುಕೊಟ್ಟದ್ದರಲ್ಲಿ ಇದೂ ಒಂದು.

ಇನ್ನೊಂದು ಕಡೆಯೂ ಮನೆಮಾತು ನೆರವಾಗುತ್ತದೆ. ‘ಹ್ಯಾಸ್ ಗಾನ್’ ಮತ್ತು ‘ಹ್ಯಾಸ್ ಬೀನ್’ ಎಂಬ ಎರಡರಲ್ಲಿ ಯಾವುದು ಎಂದು ಬಹಳ ಮಂದಿ ಗೊಂದಲಕ್ಕೆ ಬೀಳುತ್ತಾರೆ. ‘ಅಣ್ಣ ಮೈಸೂರಿಗೆ ಹೋಗಿದ್ದಾನೆ, ಮನೆಯಲ್ಲಿಲ್ಲ’ ಎಂದರೆ ‘ಹೀ ಹ್ಯಾಸ್ ಗಾನ್ ಟು ಮೈಸೂರು’. ‘ಅಣ್ಣ ಮೈಸೂರಿಗೆ ಹೋಗಿಬಂದಿದ್ದಾನೆ’ ಎಂದರೆ ‘ಹೀ ಹ್ಯಾಸ್ ಬೀನ್ ಟು ಮೈಸೂರು’. ‘ನಾನು ಎರಡು ಸಲ ಮೈಸೂರಿಗೆ ಹೋಗಿದ್ದೇನೆ’ ಎನ್ನುವವರು ಇಲ್ಲೇ ಎದುರಿಗೆ ಕೂತಿರುತ್ತಾರೆ, ಹೋಗಿ ವಾಪಸು ಬಂದವರು. ಆದ್ದರಿಂದ ‘ಐ ಹ್ಯಾವ್ ಗಾನ್’ ಅಲ್ಲ, ‘ಐ ಹ್ಯಾವ್ ಬೀನ್’.

ತಮಿಳು ಎಲ್ಲಿ ಕೈ ಹಿಡಿಯುತ್ತದೆ?

‘ಸಿನ್ಸ್’ ಮತ್ತು ‘ಫಾರ್’ ಎಂಬ ಜೋಡಿಯಲ್ಲಿ. ಕನ್ನಡದಲ್ಲಿ ‘ಹತ್ತು ವರ್ಷದಿಂದ’ ಎನ್ನುತ್ತೇವೆ, ‘2009ರಿಂದ’ ಎಂದೂ ಎನ್ನುತ್ತೇವೆ. ಎರಡಕ್ಕೂ ‘ಇಂದ’. ಹೀಗಾಗಿ ಇಂಗ್ಲಿಷಿನಲ್ಲೂ ಎರಡಕ್ಕೂ ‘ಸಿನ್ಸ್’ ಹಾಕಿ ‘ಸಿನ್ಸ್ ಟೆನ್ ಇಯರ್ಸ್’ ಎನ್ನುತ್ತೇವೆ. ಅದು ತಪ್ಪು. ತಮಿಳಿನಲ್ಲಿ ‘ಪತ್ತು ವರುಷಮಾ’ ಬೇರೆ, ‘2009ಲಿರುಂದು’ ಬೇರೆ. ‘ವರುಷಮಾ’, ‘ಮಾಸಮಾ’, ‘ನಾಳಾ’ ಎಂದು ತಮಿಳಿನಲ್ಲಿ ಬಂದರೆ ‘ಫಾರ್’. ‘ಲಿರುಂದು’ ಬಂದರೆ ‘ಸಿನ್ಸ್’. ಅಂದರೆ ಎಷ್ಟು ಕಾಲ ಎಂಬ ಅಳತೆಗೆ ‘ಫಾರ್’, ಯಾವಾಗ ಶುರುವಾಯಿತು ಎಂಬ ಗುರುತಿಗೆ ‘ಸಿನ್ಸ್’. ‘ಫಾರ್ ಟೆನ್ ಇಯರ್ಸ್’, ‘ಸಿನ್ಸ್ 2009’.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು ಉದ್ಯೋಗದ ಸಂದರ್ಶನದಲ್ಲಿ ಹೆಚ್ಚು ಕೇಳಿಬರುತ್ತದೆ. ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದನ್ನು ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎನ್ನುತ್ತಾರೆ. ಇಲ್ಲಿ ಕನ್ನಡವೂ ತಮಿಳೂ ವರ್ತಮಾನ ಕಾಲವನ್ನೇ ಬಳಸುವುದರಿಂದ ಎರಡೂ ದಾರಿ ತಪ್ಪಿಸುತ್ತವೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ, ಎಷ್ಟು ಕಾಲದಿಂದ ಎಂದು ಹೇಳುವಾಗ, ಇಂಗ್ಲಿಷ್ ಪ್ರೆಸೆಂಟ್ ಪರ್ಫೆಕ್ಟನ್ನೇ ಕೇಳುತ್ತದೆ: ‘ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಅಥವಾ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ‘ಮಾಡುತ್ತಿದ್ದೇನೆ’ ಎನ್ನುವ ಬದಲು ‘ಮಾಡುತ್ತಾ ಬಂದಿದ್ದೇನೆ’ ಎಂದು ಯೋಚಿಸಿದರೆ ‘ಹ್ಯಾವ್ ಬೀನ್ ವರ್ಕಿಂಗ್’ ತಾನಾಗಿ ಬಾಯಿಗೆ ಬರುತ್ತದೆ.

‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಎಂದೂ ಹೇಳಬಹುದು, ಆದರೆ ಅದರ ಅರ್ಥ ಬೇರೆ. ಐದು ವರ್ಷ ಕೆಲಸ ಮಾಡಿದೆ, ಈಗ ಅಲ್ಲಿಲ್ಲ ಎಂದಾಯಿತು. ಇನ್ನೂ ಕೆಲಸದಲ್ಲಿರುವವರು ಹಾಗೆಂದರೆ ಎದುರಿಗಿರುವವರು ‘ಯಾಕೆ ಬಿಟ್ಟಿರಿ?’ ಎಂದು ಕೇಳಿಯಾರು. ಗೊತ್ತಿರುವುದು, ಇರುವುದು ಮುಂತಾದ ಸ್ಥಿತಿಗಳಿಗೂ ಇದೇ ನಿಯಮ. ‘ಅವರು ನನಗೆ ಹತ್ತು ವರ್ಷದಿಂದ ಗೊತ್ತು’ ಎನ್ನಲು ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’. ‘ಐ ಆಮ್ ನೋಯಿಂಗ್’ ಎಂಬುದು ಬೇಡ.

ಈ ಜಿಲ್ಲೆಗಳ ಚರಿತ್ರೆಯೇ ಒಳ್ಳೆಯ ಉದಾಹರಣೆ. ತಿರುಪ್ಪೂರು 2009ರಲ್ಲಿ ಜಿಲ್ಲೆಯಾಯಿತು: ‘ತಿರುಪ್ಪೂರು ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 2009.’ ಅಂದಿನಿಂದ ಜಿಲ್ಲೆಯಾಗಿಯೇ ಇದೆ: ‘ತಿರುಪ್ಪೂರು ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 2009.’ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಸ್ಥಿತಿ ಮುಗಿದದ್ದರಿಂದ ‘ವಾಸ್’: ‘ಕೊಳ್ಳೇಗಾಲ ವಾಸ್ ಇನ್ ಕೊಯಮತ್ತೂರು ಡಿಸ್ಟ್ರಿಕ್ಟ್ ಅಂಟಿಲ್ 1956.’ ಚಾಮರಾಜನಗರ ಜಿಲ್ಲೆ ರಚನೆಯಾದ 1997ರಿಂದ ಅದು ಆ ಜಿಲ್ಲೆಯಲ್ಲಿದೆ, ಇವತ್ತಿಗೂ ಇದೆ. ಅದಕ್ಕೆ ‘ಹ್ಯಾಸ್ ಬೀನ್’.

ಎರಡೂ ಭಾಷೆ ದಾರಿ ತಪ್ಪಿಸುವ ಜಾಗ

ಈ ಟೆನ್ಸಿಗೆ ಒಂದು ದೊಡ್ಡ ಕಟ್ಟಳೆ ಇದೆ. ಮುಗಿದುಹೋದ ಹೊತ್ತಿನ ಹೆಸರು ಇದರ ಜೊತೆ ಬರಕೂಡದು. ನಿನ್ನೆ, ಹೋದ ವಾರ, ಸೋಮವಾರ, 2005ರಲ್ಲಿ, ಎರಡು ದಿನದ ಹಿಂದೆ ಇವೆಲ್ಲ ‘ಹ್ಯಾವ್’ ಜೊತೆ ಹೊಂದುವುದಿಲ್ಲ. ಕನ್ನಡದಲ್ಲಿ ‘2005ರಲ್ಲಿ ಬಿ.ಎ. ಮುಗಿಸಿದ್ದೇನೆ’ ಎಂದರೆ ಯಾರೂ ತಪ್ಪೆನ್ನುವುದಿಲ್ಲ. ತಮಿಳಿನಲ್ಲೂ ಹಾಗೆಯೇ ನಡೆಯುತ್ತದೆ. ‘ಐ ಹ್ಯಾವ್ ಕಂಪ್ಲೀಟೆಡ್ ಬಿ.ಎ. ಇನ್ 2005’ ಎಂದು ಅರ್ಜಿಯಲ್ಲಿ ಬರೆದರೆ ಮಾತ್ರ ತಪ್ಪು. ‘ಐ ಕಂಪ್ಲೀಟೆಡ್ ಬಿ.ಎ. ಇನ್ 2005’ ಎಂದು ಬರೆಯಿರಿ. ಇಸವಿ ಹಾಕದಿದ್ದರೆ ‘ಐ ಹ್ಯಾವ್ ಕಂಪ್ಲೀಟೆಡ್ ಬಿ.ಎ.’ ಸರಿ.

ಈ ಅಭ್ಯಾಸಕ್ಕೆ ಪತ್ರಿಕೆಗಳ ಕನ್ನಡವೂ ಸ್ವಲ್ಪ ಹೊಣೆ. ‘ಸಚಿವರು ಸೋಮವಾರ ಹೇಳಿದ್ದಾರೆ’ ಎಂದು ದಿನವೂ ಅಚ್ಚಾಗುತ್ತದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಮೊದಲ ಸಾಲಿನಲ್ಲಿ ದಿನ ಹೇಳದೆ ‘ದ ಗವರ್ನಮೆಂಟ್ ಹ್ಯಾಸ್ ಅನೌನ್ಸ್ಡ್’ ಎಂದು ಸುದ್ದಿ ಮುಟ್ಟಿಸಿ, ಮುಂದಿನ ಸಾಲಿನಲ್ಲಿ ‘ದ ಮಿನಿಸ್ಟರ್ ಸೆಡ್ ಆನ್ ಮಂಡೇ’ ಎಂದು ಭೂತಕಾಲಕ್ಕೆ ಇಳಿಯುತ್ತಾರೆ. ದೂರು ಅರ್ಜಿ ಬರೆಯುವವರೂ ಇದೇ ಕ್ರಮ ಹಿಡಿಯಬಹುದು. ಡ್ರೈವಿಂಗ್ ಲೈಸೆನ್ಸ್ ಕಳೆದುಹೋಗಿದೆ ಎಂದುಕೊಳ್ಳಿ. ‘ಐ ಹ್ಯಾವ್ ಲಾಸ್ಟ್ ಮೈ ಡ್ರೈವಿಂಗ್ ಲೈಸೆನ್ಸ್’ ಎಂಬುದು ಮೊದಲ ವಾಕ್ಯ. ಕಳೆದಿದೆ, ಇನ್ನೂ ಸಿಕ್ಕಿಲ್ಲ ಎಂದು ಅದು ಹೇಳುತ್ತದೆ. ‘ಐ ಲಾಸ್ಟ್ ಇಟ್ ಆನ್ 12 ಮಾರ್ಚ್ ನಿಯರ್ ಗಾಂಧಿಪುರಂ ಬಸ್ ಸ್ಟ್ಯಾಂಡ್’ ಎಂಬುದು ಎರಡನೆಯದು. ಇವೆರಡನ್ನು ಒಂದೇ ವಾಕ್ಯಕ್ಕೆ ತುರುಕಿದರೆ ತಪ್ಪಾಗುತ್ತದೆ.

ಹೊತ್ತು ಇನ್ನೂ ಮುಗಿಯದಿದ್ದರೆ ಅಡ್ಡಿಯಿಲ್ಲ. ಈ ದಿನ, ಈ ವಾರ, ಈ ತಿಂಗಳು ಎಂಬುವು ಇನ್ನೂ ನಡೆಯುತ್ತಿವೆ. ಸಿರುಮುಗೈಯ ನೇಕಾರ ಹೆಣ್ಣುಮಗಳೊಬ್ಬಳು ಈ ತಿಂಗಳು ಮೂರು ಸೀರೆ ನೇಯ್ದಿದ್ದಾಳೆ, ತಿಂಗಳು ಮುಗಿಯುವುದರೊಳಗೆ ಇನ್ನೊಂದು ನೇಯಬಹುದು: ‘ಶೀ ಹ್ಯಾಸ್ ವೋವನ್ ತ್ರೀ ಸಾರೀಸ್ ದಿಸ್ ಮಂತ್.’ ಹೋದ ತಿಂಗಳ ಲೆಕ್ಕವಾದರೆ ‘ಶೀ ವೋವ್ ತ್ರೀ ಸಾರೀಸ್ ಲಾಸ್ಟ್ ಮಂತ್’. ‘ದಿಸ್ ಮಾರ್ನಿಂಗ್’ ಎಂಬುದು ಬೆಳಿಗ್ಗೆ ಹತ್ತು ಗಂಟೆಗೆ ಹೇಳಿದರೆ ‘ಹ್ಯಾವ್’ಗೆ ಒಗ್ಗುತ್ತದೆ, ಸಂಜೆ ನಾಲ್ಕಕ್ಕೆ ಹೇಳಿದರೆ ಒಗ್ಗುವುದಿಲ್ಲ.

ಹೊತ್ತಿನ ಹೆಸರು ಬಾಯಿಬಿಟ್ಟು ಹೇಳದಿದ್ದರೂ ಕೆಲವೊಮ್ಮೆ ಕಾಲ ಮುಗಿದಿರುತ್ತದೆ. ಇದು ಸ್ವಲ್ಪ ಸೂಕ್ಷ್ಮ. ಗಾಜನೂರಿನ ರಾಜ್‌ಕುಮಾರ್ ಅವರನ್ನೇ ನೋಡೋಣ. ಇಂದು ಈರೋಡು ಜಿಲ್ಲೆಯಲ್ಲಿರುವ ಗಾಜನೂರು 1979ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ‘ರಾಜ್‌ಕುಮಾರ್ 200ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ್ದಾರೆ’ ಎಂದು ಕನ್ನಡದಲ್ಲಿ ಇಂದಿಗೂ ಬರೆಯುತ್ತೇವೆ. ಅವರು 2006ರಲ್ಲಿ ತೀರಿಕೊಂಡರೂ ಆ ‘ಇದ್ದಾರೆ’ ನಮ್ಮ ಕಿವಿಗೆ ಒರಟಾಗಿ ಕೇಳಿಸುವುದಿಲ್ಲ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ‘ರಾಜ್‌ಕುಮಾರ್ ಹ್ಯಾಸ್ ಆಕ್ಟೆಡ್’ ಎಂದರೆ ಅವರು ಬದುಕಿದ್ದಾರೆ, ಇನ್ನೂ ನಟಿಸಬಹುದು ಎಂಬ ಧ್ವನಿ ಬರುತ್ತದೆ. ‘ರಾಜ್‌ಕುಮಾರ್ ಆಕ್ಟೆಡ್ ಇನ್ ಮೋರ್ ದ್ಯಾನ್ 200 ಫಿಲ್ಮ್ಸ್’ ಎಂದೇ ಬರೆಯಬೇಕು. ಅವರ ಚಿತ್ರಗಳ ಬಗ್ಗೆ ಬರೆಯುವಾಗ ಮಾತ್ರ ‘ಹ್ಯಾವ್’ ಮರಳಿ ಬರಬಹುದು. ಚಿತ್ರಗಳು ಇವೆಯಲ್ಲ, ಜನ ಈಗಲೂ ನೋಡುತ್ತಿದ್ದಾರೆ. ತೀರಿಕೊಂಡ ಹಿರಿಯರ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವವರು ಇದನ್ನು ಗಮನಿಸಬೇಕು.

ಇನ್ನು ‘ನಿನ್ನೆ ಕೊಯಮತ್ತೂರಿಗೆ ಹೋಗಿದ್ದೆ’ ಎಂಬ ಮಾತು. ‘ಹೋಗಿದ್ದೆ’ ಎಂಬುದನ್ನು ಹಾಗೆಯೇ ಇಳಿಸಿ ‘ಐ ಹ್ಯಾಡ್ ಗಾನ್ ಟು ಕೊಯಮತ್ತೂರು ಯೆಸ್ಟರ್ಡೇ’ ಎನ್ನುವುದು ದಕ್ಷಿಣ ಭಾರತದಲ್ಲಿ ಎಲ್ಲೆಡೆ ಕೇಳುವ ತಪ್ಪು. ‘ಹ್ಯಾಡ್’ ಬೇಕಾಗುವುದು ಹಿಂದಿನ ಒಂದು ಸಂಗತಿಗಿಂತಲೂ ಮುಂಚೆ ನಡೆದದ್ದನ್ನು ಹೇಳುವಾಗ. ಬರೀ ನಿನ್ನೆಯ ಪ್ರಯಾಣಕ್ಕೆ ‘ಐ ವೆಂಟ್’ ಸಾಕು.

ಊಟ ಆಯ್ತಾ?

ಇದುವರೆಗೆ ಹೇಳಿದ್ದರಲ್ಲಿ ನಾವು ಪರ್ಫೆಕ್ಟ್ ಬಳಸಿ ಇಂಗ್ಲಿಷಿನವರು ಬಳಸದ ಜಾಗಗಳಿದ್ದವು. ಅದರ ತಿರುವುಮುರುವೂ ಇದೆ. ‘ಊಟ ಆಯ್ತಾ?’, ‘ಸಾಪ್ಟಾಚ್ಚಾ?’ ಎಂದು ನಾವು ಕೇಳುವಲ್ಲಿ ‘ಇದೆ’ ಎಂಬುದಿಲ್ಲ. ಇಂಗ್ಲೆಂಡಿನ ರೂಢಿಯಲ್ಲಿ ಇದು ‘ಹ್ಯಾವ್ ಯೂ ಈಟನ್?’ ಎಂದಾಗುತ್ತದೆ. ಹೊಟ್ಟೆ ಈಗ ತುಂಬಿದೆಯೇ ಎಂಬುದೇ ಅಲ್ಲಿ ಮುಖ್ಯ. ಅಮೆರಿಕದವರು ‘ಡಿಡ್ ಯೂ ಈಟ್?’ ಎಂದೂ ಕೇಳುತ್ತಾರೆ. ಈಗಷ್ಟೇ ಆದ ಕೆಲಸಕ್ಕೂ ಅವರಲ್ಲಿ ಸಾದಾ ಭೂತಕಾಲ ನಡೆಯುತ್ತದೆ. ತಿರುಪ್ಪೂರಿಗೆ ಯೂರೋಪಿನ ಗಿರಾಕಿಗಳೂ ಅಮೆರಿಕದ ಗಿರಾಕಿಗಳೂ ಇರುವುದರಿಂದ ಎರಡೂ ಬಗೆಯ ಪತ್ರ ಕಣ್ಣಿಗೆ ಬೀಳುತ್ತವೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಬರೆಯುವಾಗ ‘ಹ್ಯಾವ್’ ಹಾಕಿದರೆ ಎರಡೂ ಕಡೆ ಸಲ್ಲುತ್ತದೆ.

ಇದರ ಜೊತೆ ಓಡಾಡುವ ಕೆಲವು ಸಣ್ಣ ಪದಗಳಿವೆ. ‘ಈಗಷ್ಟೇ’ ಎನ್ನಲು ‘ಜಸ್ಟ್’, ಅದು ಹ್ಯಾವ್‌ಗೂ ಕ್ರಿಯಾಪದಕ್ಕೂ ನಡುವೆ ಕೂರುತ್ತದೆ: ‘ದ ಟ್ರೈನ್ ಹ್ಯಾಸ್ ಜಸ್ಟ್ ಲೆಫ್ಟ್ ಮೆಟ್ಟುಪಾಳ್ಯಂ.’ ‘ಜಸ್ಟ್ ನೌ’ ಎಂದರೆ ‘ಸ್ವಲ್ಪ ಹೊತ್ತಿನ ಮುಂಚೆ’ ಎಂದು, ಅದಕ್ಕೆ ಭೂತಕಾಲವೇ ಸರಿ: ‘ದ ಟ್ರೈನ್ ಲೆಫ್ಟ್ ಜಸ್ಟ್ ನೌ.’ ‘ಆಗಲೇ ಆಗಿದೆ’ ಎನ್ನಲು ‘ಆಲ್ರೆಡಿ’. ‘ಇನ್ನೂ ಆಗಿಲ್ಲ’ ಎನ್ನಲು ‘ಯಟ್’, ಅದು ವಾಕ್ಯದ ಕೊನೆಗೆ. ‘ಯಾವತ್ತಾದರೂ’ ಎಂದು ಕೇಳಲು ‘ಎವರ್’, ‘ಯಾವತ್ತೂ ಇಲ್ಲ’ ಎನ್ನಲು ‘ನೆವರ್’. ‘ನಾನ್ ಮೈಸೂರ್ ಪೋನದೇ ಇಲ್ಲೆ’ ಎಂಬ ತಮಿಳಿನ ಮಾತು, ‘ನಾನು ಮೈಸೂರಿಗೆ ಹೋಗೇ ಇಲ್ಲ’ ಎಂಬ ಕನ್ನಡದ ಮಾತು ಎರಡೂ ‘ಐ ಹ್ಯಾವ್ ನೆವರ್ ಬೀನ್ ಟು ಮೈಸೂರು’ ಆಗುತ್ತವೆ. ‘ನೆವರ್’ ಬಂದ ಮೇಲೆ ಇನ್ನೊಂದು ‘ನಾಟ್’ ಸೇರಿಸಬಾರದು.

ಮಾತಿನಲ್ಲಿ ‘ಐ ಹ್ಯಾವ್’ ಎಂಬುದು ‘ಐವ್’ ಆಗಿ, ‘ಹೀ ಹ್ಯಾಸ್’ ಎಂಬುದು ‘ಹೀಸ್’ ಆಗಿ ಕಿರಿದಾಗುತ್ತದೆ. ‘ಹೀ ಈಸ್’ ಕೂಡ ‘ಹೀಸ್’ ಆಗುವುದರಿಂದ ಫೋನಿನಲ್ಲಿ ಕೇಳುವವರಿಗೆ ಗೊಂದಲವಾಗುವುದು ಸಹಜ. ಮುಂದಿನ ಪದಕ್ಕೆ ಕಿವಿಗೊಡಬೇಕು. ‘ಹೀಸ್ ಕಮಿಂಗ್’ ಎಂದರೆ ಬರುತ್ತಿದ್ದಾನೆ, ಬಾಗಿಲು ತೆಗೆದಿಡಬಹುದು. ‘ಹೀಸ್ ಕಮ್’ ಎಂದರೆ ಆಗಲೇ ಬಂದಿದ್ದಾನೆ.